‘ಬೋರ್ಡ್’: ಹಲಗೆಯಿಂದ ಆಡಳಿತ ಮಂಡಳಿಯವರೆಗೆ

ಮಂಗಳೂರಿನ ಬಸ್ ತಂಗುದಾಣಗಳಲ್ಲಿ ಆಗಾಗ ಕಿವಿಗೆ ಬೀಳುವ ಪ್ರಶ್ನೆಯೊಂದಿದೆ: “ಬೋರ್ಡಿನಲ್ಲಿ ಎಂತ ಉಂಟು?” ಓದಲು ಬಾರದವರು, ಕನ್ನಡಕ ಮರೆತು ಬಂದವರು ಪಕ್ಕದಲ್ಲಿ ನಿಂತವರನ್ನು ಹೀಗೆ ಕೇಳುತ್ತಾರೆ. ಬೋರ್ಡ್ ಎಂಬ ಇಂಗ್ಲಿಷ್ ಪದ ಅಷ್ಟರಮಟ್ಟಿಗೆ ನಮ್ಮದಾಗಿದೆ. ಆದರೆ ಇದೇ ಪದವು ಬ್ಯಾಂಕಿನ ವಾರ್ಷಿಕ ವರದಿಯಲ್ಲಿ, ವಸತಿಗೃಹದ ಬಾಗಿಲಲ್ಲಿ, ಬಜ್ಪೆಯ ವಿಮಾನ ನಿಲ್ದಾಣದಲ್ಲಿ, ಪಣಂಬೂರಿನ ಬಂದರಿನಲ್ಲಿ ಬೇರೆ ಬೇರೆ ಅರ್ಥಗಳನ್ನು ತಾಳುತ್ತದೆ. ಈ ಅರ್ಥಗಳ ನಡುವಣ ನಂಟನ್ನು ಅರಿಯದೆ ಕನ್ನಡಕ್ಕೆ ತರಲು ಹೊರಟರೆ ಎಡವುವ ಸಂಭವವೇ ಹೆಚ್ಚು.

ಮೂಲಾರ್ಥ

ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಮರದ ಹಲಗೆ. ಕಪ್ಪುಹಲಗೆ, ಸ್ವಿಚ್ ಬೋರ್ಡ್, ನಾಮಫಲಕ, ಕೇರಂ ಬೋರ್ಡ್ ಇವೆಲ್ಲವೂ ಈ ಅರ್ಥದಿಂದಲೇ ಹೊರಟವು. ಕನ್ನಡದ ‘ಹಲಗೆ’ಯಾದರೋ ಸಂಸ್ಕೃತದ ‘ಫಲಕ’ದ ತದ್ಭವ. ಒಂದೇ ಮೂಲದ ಈ ಎರಡು ರೂಪಗಳಿಗೆ ನಾವು ಕೆಲಸ ಹಂಚಿಕೊಟ್ಟಿದ್ದೇವೆ: ಬಡಗಿಯ ಕೈಯಲ್ಲಿರುವುದು ಹಲಗೆ, ಬರಹ ಹೊತ್ತದ್ದು ಫಲಕ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಆಡುವ ಹದಿನಾಲ್ಕು ಗುಳಿಗಳ ಚೆನ್ನೆಮಣೆಯನ್ನೂ ಇಂಗ್ಲಿಷಿನವರು ಬೋರ್ಡ್ ಎಂದೇ ಕರೆಯುತ್ತಾರೆ. ನಮಗೆ ಅದು ಮಣೆ.

ಮೇಜು, ಊಟ, ಸಭೆ

ಹಲಗೆಗೆ ಕಾಲು ಕೊಟ್ಟರೆ ಮೇಜು. ಮೇಜಿನ ಮೇಲೆ ಬಡಿಸಿದ್ದು ಊಟ. ಹೀಗೆ ಬೋರ್ಡ್ ಎಂಬುದಕ್ಕೆ ಊಟದ ಅರ್ಥವೂ ಬಂದಿತು. ನಗರದ ಹಳೆಯ ಹೊಟೇಲುಗಳ ಮುಂದಿನ ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಎಂಬ ಬರಹದಲ್ಲಿ ಮೊದಲನೆಯದು ಊಟ, ಎರಡನೆಯದು ವಸತಿ. ಬೋರ್ಡಿಂಗ್ ಶಾಲೆಯೂ ಇದೇ ವಂಶದ್ದು.

ಅದೇ ಮೇಜಿನ ಸುತ್ತ ಕುಳಿತು ತೀರ್ಮಾನ ಕೈಗೊಳ್ಳುವವರ ಗುಂಪಿಗೂ ಬೋರ್ಡ್ ಎಂಬ ಹೆಸರಾಯಿತು. ಕನ್ನಡದಲ್ಲಿ ಇದು ಮಂಡಳಿ. ಕರಾವಳಿಯ ಹಿರಿಯರು ‘ಬೋರ್ಡ್ ಶಾಲೆ’ ಎನ್ನುವುದನ್ನು ಕೇಳಿದ ಮಕ್ಕಳು ಕಪ್ಪುಹಲಗೆಯನ್ನು ನೆನೆದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅವು ಜಿಲ್ಲಾ ಬೋರ್ಡಿನ ಆಡಳಿತಕ್ಕೆ ಒಳಪಟ್ಟಿದ್ದ ಶಾಲೆಗಳು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿದ್ದರಿಂದ, 1884ರ ಮದರಾಸು ಸ್ಥಳೀಯ ಬೋರ್ಡುಗಳ ಕಾಯ್ದೆ ಇಲ್ಲಿಗೂ ಅನ್ವಯಿಸಿತ್ತು. ಆ ವ್ಯವಸ್ಥೆ ಅಳಿದರೂ ಮಾತಿನಲ್ಲಿ ಪದ ಉಳಿಯಿತು. ವಿದ್ಯುತ್ ಮಂಡಳಿಯ ಕತೆಯೂ ಹೀಗೆಯೇ. 1999ರಲ್ಲಿ ಮಂಡಳಿ ನಿಗಮವಾಯಿತು, 2002ರಲ್ಲಿ ಮಂಗಳೂರಿಗೆ ಮೆಸ್ಕಾಂ ಬಂದಿತು. ಆದರೂ ಕರೆಂಟ್ ಹೋದಾಗ ‘ಕೆಇಬಿಗೆ ಫೋನ್ ಮಾಡಿ’ ಎನ್ನುವವರು ಇಂದಿಗೂ ಇದ್ದಾರೆ. ಆ ಮೂರಕ್ಷರಗಳಲ್ಲಿ ಕೊನೆಯದು ಬೋರ್ಡ್.

ಹಡಗಿನ ಪಕ್ಕ

ಹಡಗಿನ ಪಾರ್ಶ್ವಕ್ಕೂ ಬೋರ್ಡ್ ಎನ್ನುವ ರೂಢಿ ಬಹಳ ಹಳೆಯದು. ಚುಕ್ಕಾಣಿಯ ಹುಟ್ಟು ಬಲಬದಿಯಲ್ಲಿರುತ್ತಿದ್ದ ಕಾಲದಲ್ಲಿ ಆ ಬದಿಗೆ ‘ಸ್ಟಾರ್‌ಬೋರ್ಡ್’ ಎಂಬ ಹೆಸರು ಬಿದ್ದಿತು. ಇಲ್ಲಿ ‘ಸ್ಟಾರ್’ ಎಂಬುದು ನಕ್ಷತ್ರವಲ್ಲ, ಹಡಗನ್ನು ನಡೆಸುವುದಕ್ಕೆ ಸಂಬಂಧಿಸಿದ ಪದ. ಕಾಫಿ, ಗೇರುಬೀಜ ರಫ್ತು ಮಾಡುವವರ ಕಾಗದಪತ್ರಗಳಲ್ಲಿ ಕಾಣುವ ಎಫ್‌ಒಬಿ, ಅಂದರೆ ‘ಫ್ರೀ ಆನ್ ಬೋರ್ಡ್’, ಎಂಬ ಕರಾರಿನ ತಾತ್ಪರ್ಯ, ಸರಕನ್ನು ಹಡಗಿಗೇರಿಸುವವರೆಗಿನ ಹೊಣೆ ಮಾರುವವನದು ಎಂದು. ಹಡಗನ್ನೇರುವ ಈ ಅರ್ಥವೇ ಮುಂದೆ ರೈಲು, ವಿಮಾನಗಳಿಗೂ ಹಬ್ಬಿತು. ಗಲ್ಫಿಗೆ ಹೊರಟವರ ಕೈಯಲ್ಲಿರುವ ‘ಬೋರ್ಡಿಂಗ್ ಪಾಸ್’ ಊಟದ ಚೀಟಿಯಲ್ಲ, ವಿಮಾನವೇರುವ ಪರವಾನಗಿ.

ಲಿಪಿಯ ತೊಡಕು

ಬೇಸರಗೊಂಡ ಎಂಬರ್ಥದ ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆದರೆ ಅದೂ ‘ಬೋರ್ಡ್’ ಎಂದೇ ಆಗುತ್ತದೆ. ಇಂಗ್ಲಿಷಿನಲ್ಲಿ ಕಾಗುಣಿತವೇ ಬೇರೆ, ಮೂಲವೂ ಬೇರೆ. ಕೊಳವೆಬಾವಿಯ ‘ಬೋರ್’ ಕೂಡ ಈ ಹಲಗೆಯ ಸಂಬಂಧಿಯಲ್ಲ.

ಯಾವಾಗ ಯಾವ ಪದ?

ಮಾತಿನಲ್ಲಿ ಬೋರ್ಡ್ ಎಂದರೆ ಗೊಂದಲವಿಲ್ಲ, ಸಂದರ್ಭವೇ ಅರ್ಥವನ್ನು ತಿಳಿಸುತ್ತದೆ. ಬರಹದಲ್ಲಿ ಹಾಗಲ್ಲ. ಮಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಾಗ ಅದರ ನಿರ್ದೇಶಕ ಮಂಡಳಿಯೂ ಇಲ್ಲವಾಯಿತು, ಶಾಖೆಗಳ ನಾಮಫಲಕಗಳೂ ಬದಲಾದವು. ಇಂಗ್ಲಿಷಿನಲ್ಲಿ ಎರಡೂ ಬೋರ್ಡ್‌ಗಳೇ. ಯಾವುದೇ ಬ್ಯಾಂಕು ‘ಬೋರ್ಡ್ ಬದಲಾಗಿದೆ’ ಎಂದಷ್ಟೇ ಪ್ರಕಟಣೆ ಹೊರಡಿಸಿದರೆ, ತನ್ನ ಉಳಿತಾಯವನ್ನು ಅಲ್ಲಿಟ್ಟ ಠೇವಣಿದಾರನು ಏನೆಂದು ತಿಳಿಯಬೇಕು? ಬಣ್ಣ ಬಳಿದ ತಗಡು ಬದಲಾಗಿದೆಯೆಂದೇ, ಹಣದ ಹೊಣೆ ಹೊತ್ತವರು ಬದಲಾಗಿದ್ದಾರೆಂದೇ? ಆದುದರಿಂದ ಬರೆಯುವಾಗ ವಸ್ತುವಿಗೆ ಹಲಗೆ, ಬರಹಕ್ಕೆ ಫಲಕ, ಜನರ ಕೂಟಕ್ಕೆ ಮಂಡಳಿ, ಊಟಕ್ಕೆ ಊಟ, ವಾಹನಕ್ಕೆ ಏರುವುದು ಎಂದು ಬಿಡಿಸಿ ಹೇಳುವುದೇ ಲೇಸು. ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ಕಾಯ್ದೆ ತಿದ್ದುಪಡಿ ವಿಧಿಸಿದ ಮೇಲಂತೂ ಸರಿಯಾದ ಪದದ ಆಯ್ಕೆಗೆ ಇನ್ನಷ್ಟು ಮಹತ್ವ ಬಂದಿದೆ.

ಇಷ್ಟಾದರೂ ಬಸ್ಸಿನ ಬೋರ್ಡ್ ಬೋರ್ಡಾಗಿಯೇ ಇರಲಿ. ಅದರಲ್ಲಿ ‘ಸ್ಟೇಟ್‌ಬ್ಯಾಂಕ್’ ಎಂದಿದ್ದರೆ ಹೊಸಬರು ಗಾಬರಿಯಾಗಬೇಕಿಲ್ಲ. ಮಂಗಳೂರಿನಲ್ಲಿ ಅದು ಬಸ್ ನಿಲ್ದಾಣದ ಹೆಸರು.