ಲೆಟ್ ದಿ ರೈಟ್ ಒನ್ ಇನ್: ಒಂಟಿ ಬಾಲಕನಿಗೆ ಹಂತಕಿಯೇ ಗುರು

'ಲೆಟ್ ದಿ ರೈಟ್ ಒನ್ ಇನ್' 2008ರಲ್ಲಿ ತೆರೆಕಂಡ ಸ್ವೀಡಿಷ್ ಭಾಷೆಯ ಭಯಾನಕ ಚಿತ್ರ. ಜಾನ್ ಐವಿಡೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಇದು ಆಧರಿಸಿದೆ. ನಿರ್ದೇಶನ ತೊಮಾಸ್ ಆಲ್ಫ್ರೆಡ್‌ಸನ್ ಅವರದು. ಚಿತ್ರಕಥೆಯನ್ನು ಕಾದಂಬರಿಕಾರರೇ ಬರೆದಿದ್ದಾರೆ. ಸಹಪಾಠಿಗಳ ಹಿಂಸೆಗೆ ಗುರಿಯಾದ, ಹದಿಹರೆಯದ ಹೊಸ್ತಿಲಲ್ಲಿರುವ ಬಾಲಕನಿಗೆ ಮನುಷ್ಯರಕ್ತ ಕುಡಿದು ಬದುಕುವ ಹಂತಕಿಯೊಬ್ಬಳು ಗೆಳತಿಯೂ ಮಾರ್ಗದರ್ಶಿಯೂ ಆಗುವುದೇ ಇದರ ವಸ್ತು. ರಕ್ತಪಿಶಾಚಿಗಳ ಕುರಿತ ಚಿತ್ರಗಳ ಸಾಲಿನಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ.

ಕಥಾಸಾರ

1980ರ ದಶಕದ ಆರಂಭ. ಸ್ಟಾಕ್‌ಹೋಮ್ ನಗರದ ಬ್ಲಾಕೆಬರ್ಗ್ ಬಡಾವಣೆಯಲ್ಲಿ 12 ವರ್ಷದ ಓಸ್ಕರ್ ತಾಯಿಯೊಡನೆ ವಾಸವಾಗಿದ್ದಾನೆ. ತಂದೆ ಬೇರೆಯಾಗಿ ಹಳ್ಳಿಯಲ್ಲಿದ್ದಾನೆ. ಶಾಲೆಯಲ್ಲಿ ಕೊನ್ನಿ ಎಂಬ ಹುಡುಗ ಮತ್ತು ಅವನ ಸಂಗಡಿಗರು ಓಸ್ಕರ್‌ನನ್ನು ಹಂದಿಯೆಂದು ಹೀಯಾಳಿಸಿ ಪೀಡಿಸುತ್ತಾರೆ. ಆತ ಯಾರಿಗೂ ದೂರು ಹೇಳುವುದಿಲ್ಲ. ಕೊಲೆಗಳ ಸುದ್ದಿಯನ್ನು ಪತ್ರಿಕೆಗಳಿಂದ ಕತ್ತರಿಸಿ ಕೂಡಿಡುತ್ತಾನೆ. ರಾತ್ರಿ ಮನೆಯ ಅಂಗಳದಲ್ಲಿ ಮರಕ್ಕೆ ಚಾಕುವಿನಿಂದ ಇರಿಯುತ್ತ, ತನ್ನನ್ನು ಪೀಡಿಸುವವರ ಮಾತುಗಳನ್ನೇ ಮರಕ್ಕೆ ಹೇಳುತ್ತಾನೆ.

ಹಾಗೆ ಇರಿಯುತ್ತಿರುವಾಗಲೇ ಪಕ್ಕದ ಮನೆಗೆ ಹೊಸದಾಗಿ ಬಂದ ಏಲಿ ಅವನನ್ನು ಕಾಣುತ್ತಾಳೆ. ನೋಟಕ್ಕೆ ಅವಳೂ 12 ವರ್ಷದವಳು. ಆದರೆ ಆ ವಯಸ್ಸಿನಲ್ಲೇ ಬಹುಕಾಲದಿಂದ ಉಳಿದುಬಿಟ್ಟವಳು. ಅವಳೊಂದಿಗಿರುವ ಹೋಕನ್ ಎಂಬ ಪ್ರೌಢ ವಯಸ್ಸಿನ ವ್ಯಕ್ತಿ ದಾರಿಹೋಕರನ್ನು ಕೊಂದು ರಕ್ತ ಸಂಗ್ರಹಿಸಿ ತರುತ್ತಾನೆ. ಅವನ ಪ್ರಯತ್ನ ವಿಫಲವಾದಾಗ ಏಲಿ ತಾನೇ ಬೇಟೆಗೆ ಇಳಿಯುತ್ತಾಳೆ. ಓಸ್ಕರ್ ಕೊಟ್ಟ ರೂಬಿಕ್ ಕ್ಯೂಬ್ ಇಬ್ಬರ ಸ್ನೇಹಕ್ಕೆ ನಾಂದಿಯಾಗುತ್ತದೆ. ಗೋಡೆಯ ಆಚೀಚೆಯಿಂದ ಮೋರ್ಸ್ ಸಂಕೇತದಲ್ಲಿ ಅವರ ಮಾತುಕತೆ ಬೆಳೆಯುತ್ತದೆ.

ಏಲಿಯ ಪಾಠ

ಓಸ್ಕರ್‌ನ ಕೆನ್ನೆಯ ಗಾಯವನ್ನು ಕಂಡ ಏಲಿ, ಹೊಡೆದವರಿಗೆ ತಿರುಗಿ ಹೊಡೆಯಬೇಕು, ಬಲವಾಗಿ ಹೊಡೆಯಬೇಕು ಎಂದು ಹೇಳಿಕೊಡುತ್ತಾಳೆ. ಅದಕ್ಕೂ ಅವರು ಬಗ್ಗದಿದ್ದರೆ ತಾನೇ ನೆರವಿಗೆ ಬರುವುದಾಗಿ ಮಾತು ಕೊಡುತ್ತಾಳೆ. ಹುಡುಗ ಅಂಗಸಾಧನೆಗೆ ತೊಡಗುತ್ತಾನೆ. ಹೆಪ್ಪುಗಟ್ಟಿದ ಕೆರೆಗೆ ಶಾಲೆಯ ಮಕ್ಕಳು ವಿಹಾರಕ್ಕೆ ಹೋದ ದಿನ ಕೊನ್ನಿಯ ಕಿವಿಗೆ ಕೋಲಿನಿಂದ ಬಾರಿಸುತ್ತಾನೆ. ಅದೇ ಹೊತ್ತಿಗೆ ಹಿಮಗಡ್ಡೆಯಡಿ ಸಿಲುಕಿದ ಶವವೊಂದು ಪತ್ತೆಯಾಗುತ್ತದೆ. ಅದು ಏಲಿಗೆ ಬಲಿಯಾದವನ ಶವ. ಶಿಷ್ಯನ ಮೊದಲ ಏಟನ್ನೂ ಗುರುವಿನ ಕೊಲೆಯನ್ನೂ ನಿರ್ದೇಶಕರು ಹೀಗೆ ಒಂದೇ ದೃಶ್ಯದಲ್ಲಿ ಎದುರುಬದುರು ನಿಲ್ಲಿಸಿದ್ದಾರೆ.

ಏಲಿಯ ನಿಜಸ್ಥಿತಿ ತಿಳಿದು ಓಸ್ಕರ್ ಹಿಂಜರಿದಾಗ, ನೀನೂ ಸೇಡಿಗಾಗಿ ಕೊಲ್ಲಬಯಸುವವನೇ, ನಾನು ಬದುಕಲೆಂದು ಕೊಲ್ಲುತ್ತೇನೆ ಎಂಬರ್ಥದ ಉತ್ತರ ಬರುತ್ತದೆ. ಆಹ್ವಾನವಿಲ್ಲದೆ ರಕ್ತಪಿಶಾಚಿ ಮನೆಯೊಳಗೆ ಕಾಲಿಡಲಾಗದು ಎಂಬ ಯೂರೋಪಿನ ನಂಬಿಕೆಯಿಂದ ಚಿತ್ರದ ಶೀರ್ಷಿಕೆ ಅರ್ಥ ಪಡೆಯುತ್ತದೆ. ಓಸ್ಕರ್ ಪರೀಕ್ಷಿಸಲೆಂದು ಕರೆಯದೆ ನಿಂತಾಗ ಏಲಿ ಹಾಗೆಯೇ ಒಳಬಂದು ಮೈಯೆಲ್ಲ ರಕ್ತ ಸುರಿಸುತ್ತಾಳೆ. ಆಗ ಅವನು ಕರೆಯುತ್ತಾನೆ. ಚಿತ್ರದ ನೈತಿಕ ಪ್ರಶ್ನೆ ಇರುವುದು ಆ ಕರೆಯಲ್ಲಿಯೇ.

ಕೊನ್ನಿಯ ಅಣ್ಣ ಸೇಡು ತೀರಿಸಲು ಓಸ್ಕರ್‌ನನ್ನು ಈಜುಕೊಳದಲ್ಲಿ ಮುಳುಗಿಸಿದಾಗ ಏಲಿ ಮಾತು ಉಳಿಸಿಕೊಳ್ಳುತ್ತಾಳೆ. ಹತ್ಯೆಗಳನ್ನು ನೇರವಾಗಿ ತೋರಿಸದೆ ಕ್ಯಾಮೆರಾ ನೀರಿನೊಳಗೇ ಉಳಿಯುತ್ತದೆ. ಕೊನೆಯಲ್ಲಿ ಓಸ್ಕರ್ ರೈಲಿನಲ್ಲಿ ಊರು ಬಿಡುತ್ತಾನೆ. ಏಲಿ ಅವನ ಪಕ್ಕದ ಪೆಟ್ಟಿಗೆಯಲ್ಲಿದ್ದಾಳೆ.

ಅಂತ್ಯದ ಅರ್ಥ

ಇದು ಬಿಡುಗಡೆಯೋ, ಬಂಧನವೋ? ಓಸ್ಕರ್ ಮುಂದೆ ಮತ್ತೊಬ್ಬ ಹೋಕನ್ ಆಗುತ್ತಾನೆಂದು ಅನೇಕ ಪ್ರೇಕ್ಷಕರು ಭಾವಿಸಿದರು. ಲಿಂಡ್‌ಕ್ವಿಸ್ಟ್ ಅನಂತರ ಬರೆದ 'ಲೆಟ್ ದಿ ಓಲ್ಡ್ ಡ್ರೀಮ್ಸ್ ಡೈ' ಕಥೆ ಬೇರೆಯೇ ಉತ್ತರವನ್ನು ಸೂಚಿಸುತ್ತದೆ. ಚಿತ್ರ ಮಾತ್ರ ಯಾವ ತೀರ್ಪನ್ನೂ ನೀಡುವುದಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟ: ತಾಯಿಗೆ ಗಾಯದ ಕಾರಣ ತಿಳಿಯದು, ತಂದೆ ಕುಡಿಯುವ ಗೆಳೆಯ ಬಂದೊಡನೆ ಮಗನನ್ನು ಮರೆಯುತ್ತಾನೆ, ಶಿಕ್ಷಕರು ಗಮನಿಸುವುದಿಲ್ಲ. ಹುಡುಗನ ನೋವನ್ನು ಕಂಡು ಕೇಳಿದವಳು ಹಂತಕಿಯೊಬ್ಬಳೇ. ಪ್ರೇಕ್ಷಕರನ್ನು ಬಹುಕಾಲ ಕಾಡುವುದು ರಕ್ತಕ್ಕಿಂತ ಹೆಚ್ಚಾಗಿ ಈ ಸಂಗತಿ.

ನಿರ್ಮಾಣ

ಲಿಂಡ್‌ಕ್ವಿಸ್ಟ್ ಬೆಳೆದದ್ದು ಬ್ಲಾಕೆಬರ್ಗ್‌ನಲ್ಲಿಯೇ. ಆದರೆ ದಟ್ಟ ಹಿಮದ ಅಗತ್ಯದಿಂದ ಚಿತ್ರೀಕರಣದ ಬಹುಭಾಗ ಉತ್ತರ ಸ್ವೀಡನ್ನಿನ ಲೂಲಿಯೋ ನಗರದಲ್ಲಿ ನಡೆಯಿತು. ಓಸ್ಕರ್ ಪಾತ್ರದಲ್ಲಿ ಕೋರೆ ಹೆಡೆಬ್ರಾಂಟ್, ಏಲಿಯಾಗಿ ಲೀನಾ ಲಿಯಾಂಡರ್ಸನ್, ಹೋಕನ್ ಆಗಿ ಪೆರ್ ರಾಗ್ನರ್ ನಟಿಸಿದ್ದಾರೆ. ಏಲಿಗೆ ವಯಸ್ಸು ಮೀರಿದ ಧ್ವನಿ ಬೇಕೆಂದು ಎಲಿಫ್ ಜೇಲಾನ್ ಅವರಿಂದ ಕಂಠದಾನ ಮಾಡಿಸಲಾಯಿತು. ಛಾಯಾಗ್ರಹಣ ಹೊಯ್ಟೆ ವಾನ್ ಹೊಯ್ಟೆಮಾ, ಸಂಗೀತ ಯೋಹಾನ್ ಸೋಡರ್‌ಕ್ವಿಸ್ಟ್ ಅವರದು. ಕಾದಂಬರಿಯಲ್ಲಿ ಹೋಕನ್ ಬಾಲಕಾಮಿ. ಏಲಿ ಮೂಲತಃ ಹುಡುಗ. ಚಿತ್ರ ಮೊದಲನೆಯದನ್ನು ಕೈಬಿಟ್ಟು, ಎರಡನೆಯದನ್ನು ಕ್ಷಣಮಾತ್ರದ ಸೂಚನೆಗೆ ಇಳಿಸಿದೆ.

ಪ್ರಶಸ್ತಿ ಮತ್ತು ರೂಪಾಂತರ

2008ರ ಟ್ರೈಬೆಕಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿ ಗಳಿಸಿದ ಈ ಚಿತ್ರಕ್ಕೆ ಸ್ವೀಡನ್ನಿನ ಗುಲ್ಡ್‌ಬಾಗ್ಗೆ ಪ್ರಶಸ್ತಿಗಳಲ್ಲಿ ನಿರ್ದೇಶನ, ಚಿತ್ರಕಥೆ ಹಾಗೂ ಛಾಯಾಗ್ರಹಣದ ಮನ್ನಣೆಯೂ ದೊರೆಯಿತು. ಮ್ಯಾಟ್ ರೀವ್ಸ್ ಇದೇ ಕಥೆಯನ್ನು ಅಮೆರಿಕದ ನ್ಯೂ ಮೆಕ್ಸಿಕೊಗೆ ಒಯ್ದು 2010ರಲ್ಲಿ 'ಲೆಟ್ ಮಿ ಇನ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಸ್ಕಾಟ್ಲೆಂಡಿನ ರಾಷ್ಟ್ರೀಯ ರಂಗಸಂಸ್ಥೆ 2013ರಲ್ಲಿ ನಾಟಕವಾಗಿ ಪ್ರಯೋಗಿಸಿತು. 2022ರಲ್ಲಿ ಅಮೆರಿಕದ ಶೋಟೈಮ್ ವಾಹಿನಿ ಧಾರಾವಾಹಿಯಾಗಿ ಪ್ರಸಾರ ಮಾಡಿತು. ಅದು ಒಂದೇ ಆವೃತ್ತಿಗೆ ಮುಕ್ತಾಯವಾಯಿತು.