ಹಿಮ್ಮಡಿಯ ನೋವಿಗೆ ಮೆಟ್ಟಿಲೇ ಮದ್ದು

ಕಾಲುನೋವೆಂದರೆ ಮನೆಯ ಹಿರಿಯರು ಮೊದಲು ಹೇಳುವ ಮಾತು, ‘ಸುಮ್ಮನೆ ಮಲಗು’. ವೈದ್ಯರೂ ಬಹುಕಾಲ ಅದನ್ನೇ ಹೇಳಿದರು. ಆ ಮಾತು ಬದಲಾದ ಬಗೆ ಸ್ವಾರಸ್ಯಕರವಾಗಿದೆ.

ಮೀನಖಂಡದ ಸ್ನಾಯುವನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ದಪ್ಪ ಹುರಿಯೇ ಅಕಿಲಿಸ್ ಸ್ನಾಯುರಜ್ಜು. ಗ್ರೀಕ್ ಪುರಾಣದ ವೀರ ಅಕಿಲಿಸನಿಗೆ ಹಿಮ್ಮಡಿಯೇ ಮರ್ಮಸ್ಥಾನ. ನಮ್ಮ ದುರ್ಯೋಧನನಿಗೆ ತೊಡೆಯಿದ್ದಂತೆ. ಓಟಗಾರರಲ್ಲಿ ಈ ಹುರಿ ಮೇಲಿಂದ ಮೇಲೆ ಎಳೆತಕ್ಕೆ ಸಿಕ್ಕಿ, ಊದಿ ನೋಯುವುದುಂಟು. ವಿಶ್ರಾಂತಿ, ಉರಿಯೂತ ತಗ್ಗಿಸುವ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಶಸ್ತ್ರಕ್ರಿಯೆ — ಇದೇ ರೂಢಿಯಾಗಿತ್ತು.

ಹುರಿಯನ್ನು ಹಂತಹಂತವಾಗಿ ದುಡಿಸಿಯೇ ಗಟ್ಟಿಮಾಡಬೇಕೆಂದು 1984ರಲ್ಲಿ ಕೆನಡಾದ ಕರ್ವಿನ್ ಮತ್ತು ಸ್ಟಾನಿಶ್ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆದರೆ ಈ ವಿಚಾರಕ್ಕೆ ಹೆಚ್ಚಿನ ಪ್ರಚಾರ ದೊರೆತದ್ದು ಸ್ವೀಡನ್ನಿನಿಂದ. ಉಮಿಯೋ ನಗರದ ಮೂಳೆತಜ್ಞ ಹೋಕನ್ ಆಲ್ಫ್ರೆಡ್‌ಸನ್ ಅವರಿಗೇ ಹಿಮ್ಮಡಿ ನೋವಿತ್ತು. ಅವರೇ ಹೇಳಿಕೊಂಡಿರುವಂತೆ, ಶಸ್ತ್ರಕ್ರಿಯೆ ಮಾಡಿರೆಂದರೆ ಮೇಲಿನ ವೈದ್ಯರು ಒಪ್ಪಲಿಲ್ಲ. ಹುರಿ ಕಿತ್ತೇ ಹೋದರೆ ಒಪ್ಪಲೇಬೇಕಲ್ಲ ಎಂದು ನೋವಿನ ಕಾಲನ್ನೇ ದಂಡಿಸತೊಡಗಿದರು. ಹುರಿ ಕಿತ್ತುಹೋಗಲಿಲ್ಲ, ನೋವೇ ಹೋಯಿತು!

ಅವರ ಕ್ರಮ ಸರಳ. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಲ್ಲಬೇಕು. ಭಾರವನ್ನೆಲ್ಲ ನೋವಿನ ಕಾಲಿಗೆ ಹಾಕಿ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಮೇಲೇರಲು ಇನ್ನೊಂದು ಕಾಲನ್ನು ಬಳಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ 3 ಸರದಿ, ಮಂಡಿ ಮಡಿಸಿ 3 ಸರದಿ. ದಿನಕ್ಕೆರಡು ಬಾರಿ ಮಾಡಿದರೆ ಒಟ್ಟು 180. ಹೀಗೆ 12 ವಾರ. ನೋವು ಕಡಿಮೆಯಾದಂತೆ ಬೆನ್ನಿಗೆ ಭಾರದ ಚೀಲ.

1998ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ಶಸ್ತ್ರಕ್ರಿಯೆಗೆ ಕಾದಿದ್ದ 15 ಮಂದಿ ಹವ್ಯಾಸಿ ಓಟಗಾರರೂ 12 ವಾರಗಳಲ್ಲಿ ಮತ್ತೆ ಮೊದಲಿನಂತೆ ಓಡಿದರು. ಇದು ಚಿಕ್ಕ ಪರೀಕ್ಷೆ, ನಿಜ. ಆದರೂ ಕತ್ತರಿಯಿಲ್ಲದೆ, ಕಾಸಿಲ್ಲದೆ ಗುಣವಾಗುವ ದಾರಿಯೊಂದಿದೆ ಎಂದು ತೋರಿತು. ಮುಂದೆ 2015ರಲ್ಲಿ ಡೆನ್ಮಾರ್ಕಿನವರು, ಹೆಚ್ಚು ಭಾರವನ್ನು ನಿಧಾನವಾಗಿ ಎತ್ತಿಳಿಸುವ ವ್ಯಾಯಾಮವನ್ನು ವಾರಕ್ಕೆ 3 ದಿನ ಮಾಡಿದರೂ ಅಷ್ಟೇ ಫಲವುಂಟೆಂದು ಕಂಡುಕೊಂಡರು.

ಓದುಗರೇ, ಎರಡು ಎಚ್ಚರಿಕೆ. ಹುರಿ ಮೂಳೆಗೆ ಅಂಟುವ ಜಾಗದಲ್ಲೇ ನೋವಿದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸುವುದು ಅಷ್ಟಾಗಿ ಒಗ್ಗದು. ಯಾರೋ ಹಿಂದಿನಿಂದ ಒದ್ದಂತಾಗಿ ಥಟ್ಟನೆ ಕಾಲು ಸೋತರೆ ಹುರಿ ಹರಿದಿರಬಹುದು. ಆಗ ಮೆಟ್ಟಿಲ ಬಳಿಗಲ್ಲ, ತಡಮಾಡದೆ ವೈದ್ಯರ ಬಳಿಗೆ ಹೋಗಿ. ಉಳಿದಂತೆ, ತಿಂಗಳುಗಟ್ಟಲೆ ಕಾಡುವ ಹಳೆಯ ನೋವಾದರೆ, ಮಲಗುವ ಮುನ್ನ ಫಿಸಿಯೋಥೆರಪಿ ತಜ್ಞರನ್ನೊಮ್ಮೆ ಕೇಳಿ ನೋಡಿ.