ಇಂಗ್ಲೆಂಡಿನ ಸಕ್ಕರೆ ವರ್ಜನೆಯೂ ಕೊಳ್ಳುವವರ ನ್ಯಾಯಬುದ್ಧಿಯೂ

ಅಗ್ಗವಾದುದನ್ನು ಆರಿಸಿಕೊಳ್ಳುವುದೇ ಕೊಳ್ಳುವವನ ಸ್ವಭಾವವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಈ ಪಾಠಕ್ಕೆ ಒಗ್ಗದ ಪ್ರಸಂಗವೊಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಅದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಆ ವೇಳೆಗೆ ಚಹಾಕ್ಕೆ ಸಕ್ಕರೆ ಬೆರೆಸುವ ರೂಢಿಯು ಅಲ್ಲಿ ಬಡವರ ಮನೆಗಳನ್ನೂ ಹೊಕ್ಕಿತ್ತು. ಸಕ್ಕರೆ ಬರುತ್ತಿದ್ದುದು ಬಹುಪಾಲು ವೆಸ್ಟ್ ಇಂಡೀಸ್ ದ್ವೀಪಗಳಿಂದ. ಅಲ್ಲಿ ಕಬ್ಬು ಬೆಳೆಯುತ್ತಿದ್ದವರು ಆಫ್ರಿಕದಿಂದ ಸೆರೆ ತಂದ ಗುಲಾಮರು ಮತ್ತು ಅವರ ಸಂತತಿಯವರು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲ್ಬರ್‌ಫೋರ್ಸನು ತಂದ ಸೂಚನೆಯನ್ನು 1791ರ ಏಪ್ರಿಲಿನಲ್ಲಿ ಕಾಮನ್ಸ್ ಸಭೆಯು 88ಕ್ಕೆ ಎದುರಾಗಿ 163 ಮತಗಳಿಂದ ತಳ್ಳಿಹಾಕಿತು. ಅದೇ ವರ್ಷ ವಿಲಿಯಂ ಫಾಕ್ಸನೆಂಬಾತನು ಪ್ರಕಟಿಸಿದ ಕಿರುಹೊತ್ತಗೆಯು ವಿಷಯವನ್ನು ಪಾರ್ಲಿಮೆಂಟಿನಿಂದ ಅಡುಗೆಮನೆಗೆ ತಂದಿತು. ವಾರಕ್ಕೆ 5 ಪೌಂಡು ಸಕ್ಕರೆ ಬಳಸುವ ಕುಟುಂಬವು ಅದನ್ನೂ ಅದಕ್ಕೆ ತಕ್ಕಷ್ಟು ರಮ್ಮನ್ನೂ 21 ತಿಂಗಳು ವರ್ಜಿಸಿದರೆ ಒಬ್ಬ ಮನುಷ್ಯನ ದಾಸ್ಯವನ್ನೋ ಕೊಲೆಯನ್ನೋ ತಪ್ಪಿಸಿದಂತಾಗುವುದೆಂದು ಆತನು ಲೆಕ್ಕ ಹಾಕಿದನು. ಲೆಕ್ಕವೇನೋ ಒರಟಾದುದು. ಆದರೆ ಕೊಳ್ಳುವವನಿಗೂ ಪಾಪದಲ್ಲಿ ಪಾಲುಂಟೆಂಬುದನ್ನು ಅಂಕಿಗಳಲ್ಲಿ ಹೇಳಿದುದೇ ಅದರ ಬಲ. ಮತದಾನದ ಹಕ್ಕಿಲ್ಲದ ಗೃಹಿಣಿಯರಿಗೆ ಇದು ಕೈಗೆಟುಕಿದ ಸಾಧನವಾಯಿತು. ಸುಮಾರು 3 ಲಕ್ಷ ಜನರು ಸಕ್ಕರೆಯನ್ನು ಬಿಟ್ಟರೆಂದು ಥಾಮಸ್ ಕ್ಲಾರ್ಕ್‌ಸನ್ನನು ಅಂದಾಜು ಮಾಡಿದನು. ಚಳವಳಿಯ ಮುಂದಾಳಿನ ಅಂದಾಜಾದುದರಿಂದ ನಾವು ಅದನ್ನು ಕೊಂಚ ತಗ್ಗಿಸಿಯೇ ಓದಬೇಕು.

ಇಲ್ಲೊಂದು ಆಕ್ಷೇಪವುಂಟು. 1791ರ ಆಗಸ್ಟಿನಲ್ಲಿ ಫ್ರೆಂಚರ ಸೇಂಟ್ ಡೊಮಿಂಗ್ ವಸಾಹತಿನ ಗುಲಾಮರು ದಂಗೆಯೆದ್ದರು. ಸಕ್ಕರೆಯ ಬೆಲೆ ಏರಿತು. ಜನರು ಸಕ್ಕರೆ ಬಿಟ್ಟುದು ದುಬಾರಿಯಾದುದರಿಂದಲ್ಲವೆ? ಕೆಲವರ ಮಟ್ಟಿಗೆ ನಿಜವಿರಬಹುದು. ಆದರೆ ಈಸ್ಟ್ ಇಂಡಿಯಾ ಸಕ್ಕರೆಯನ್ನೇ ಅರಸಿ ಕೊಂಡವರ ನಡತೆಗೆ ಈ ಸಮಾಧಾನವು ಸಾಲದು. ಬಂಗಾಳದ ಕಡೆಯಿಂದ ಹೋಗುತ್ತಿದ್ದ ಆ ಸಕ್ಕರೆಗೆ ವೆಸ್ಟ್ ಇಂಡೀಸಿನದಕ್ಕಿಂತ ಹೆಚ್ಚಿನ ಸುಂಕವಿತ್ತು. ಸುಂಕಗಳು ಸಮನಾದುದು 1836ರಲ್ಲಿ. 1820ರ ದಶಕದಲ್ಲಿ ವರ್ಜನೆಯು ಮರುಕಳಿಸಿದಾಗ, ತಮ್ಮಲ್ಲಿರುವುದು ಗುಲಾಮರು ಮಾಡದ ಸಕ್ಕರೆಯೆಂದು ಸಾರುವ ಬಟ್ಟಲುಗಳು ಚಹಾದ ಮೇಜುಗಳ ಮೇಲೆ ಕಾಣಿಸಿಕೊಂಡವು. ಅತಿಥಿಗಳಿಗೆ ತೋರಿಸಿಕೊಳ್ಳುವ ಚಪಲವೂ ಇದರಲ್ಲಿತ್ತೆನ್ನೋಣ. ಹೆಚ್ಚು ಹಣ ತೆತ್ತುದಂತೂ ಸುಳ್ಳಲ್ಲ.

ಬಂಗಾಳದ ಕಬ್ಬಿನ ರೈತನಿಗೆ ಎಷ್ಟು ದಕ್ಕುತ್ತಿತ್ತೆಂಬುದನ್ನು ಮಾತ್ರ ಆ ಬಟ್ಟಲುಗಳು ಹೇಳುತ್ತಿರಲಿಲ್ಲ. ವಸಾಹತುಗಳಲ್ಲಿ ದಾಸ್ಯವನ್ನು ರದ್ದುಗೊಳಿಸಿದ 1833ರ ಕಾಯಿದೆಯು ಕಂಪನಿಯ ಆಡಳಿತದ ಪ್ರದೇಶಗಳನ್ನು ಹೊರತುಪಡಿಸಿತ್ತು; ಇಲ್ಲಿ ದಾಸ್ಯಕ್ಕಿದ್ದ ಕಾನೂನಿನ ಮನ್ನಣೆ ತಪ್ಪಿದುದು 1843ರಲ್ಲಿ. ಅದೇ ಕಾಯಿದೆಯ ಮೇರೆಗೆ ಒಡೆಯರಿಗೆ 2 ಕೋಟಿ ಪೌಂಡು ಪರಿಹಾರ ದೊರೆಯಿತು, ಬಿಡುಗಡೆಯಾದವರಿಗೆ ಏನೂ ದೊರೆಯಲಿಲ್ಲ. ಮುಂದೆ 1834ರಿಂದ ಮಾರಿಷಸಿಗೂ 1838ರಿಂದ ಬ್ರಿಟಿಷ್ ಗಯಾನಾಕ್ಕೂ ಕರಾರಿನ ಮೇಲೆ ಭಾರತದ ಕೂಲಿಗಳನ್ನು ಸಾಗಿಸಲಾಯಿತು. ಅವರು ಇಳಿದುದು ಗುಲಾಮರು ಬಿಟ್ಟ ಅದೇ ಕಬ್ಬಿನ ತೋಟಗಳಿಗೆ. ಅವರು ಬೆಳೆದ ಸಕ್ಕರೆಯನ್ನು ಕುರಿತು ಇಂಗ್ಲೆಂಡಿನಲ್ಲಿ 1791ರಂಥ ವರ್ಜನೆ ನಡೆಯಲಿಲ್ಲ.